ಹಿಂದಿನ ಗಾಲಿಗೆ ಕಾರಿನ ಟೈರು

ಹುಕ್ಕೇರಿ
12 ನವೆಂಬರ್ 1997

ಚಿ. ಭರತೇಶನಿಗೆ ಗೊಮ್ಮಟೇಶ ಭಾವನ ಆಶೀರ್ವಾದ. ಜಯ ಜಿನೇಂದ್ರ.

ನಿನ್ನ ಅಕ್ಕನನ್ನು ಮದುವೆಯಾದ ಮೇಲೆ ನಿನ್ನ ಟೈರಿನ ಅಂಗಡಿಯಿಂದ ನಾನು ಒಂದು ಟ್ಯೂಬನ್ನೂ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ, ನಗಬೇಡ. ನನ್ನ ಜಪಾನ್ ಗಾಡಿಯ ಹಿಂದಿನ ಗಾಲಿಗೆ ಕಾರಿನ ಟೈರು ಹಾಕಿಸಬೇಕೆಂದು ಮಾಡಿದ್ದೇನೆ.

ಗಾಡಿಯ ಜಾತಕ ನಿನಗೆ ಗೊತ್ತಿದ್ದದ್ದೇ. ಗೋವಾದಲ್ಲಿ ಕಸ್ಟಮ್ಸಿನವರು ಹಿಡಿದ ಮಾಲನ್ನು ಲಿಲಾವು ಕೂಗಿದಾಗ ತಂದದ್ದು. ದೂರದ ಪ್ರಯಾಣಕ್ಕೆಂದೇ ಕಟ್ಟಿದ ಮೋಟಾರ್‌ಸೈಕಲ್ಲು, ಚೈನಿಲ್ಲ, ಜೀಪಿನ ಹಾಗೆ ಶಾಫ್ಟು. ಜಿನ್ನವ್ವನನ್ನು ಹಿಂದೆ ಕೂರಿಸಿಕೊಂಡು ಕುಂಭೋಜ, ಶ್ರವಣಬೆಳಗೊಳ, ಕನ್ಯಾಕುಮಾರಿ ಎಲ್ಲ ಮುಗಿಸಿದ್ದೇನೆ. ಹುಕ್ಕೇರಿಯಲ್ಲಿ ಗಂಡ ಹೆಂಡತಿ ಇಬ್ಬರೇ ಮೋಟಾರ್‌ಸೈಕಲ್ಲಿನ ಮೇಲೆ ಸಮುದ್ರ ನೋಡಿ ಬಂದವರು ನಾವೇ ಇರಬೇಕು. ಈಗ ಹಿಂದಿನ ಟೈರು ಸವೆದು ನುಣ್ಣಗಾಗಿದೆ. ಮುಂಬಯಿಯಲ್ಲಿ ಕೇಳಿಸಿದೆ, ಈ ಅಳತೆಯದು ಹಿಂದೂಸ್ತಾನದಲ್ಲೇ ಸಿಗುವುದಿಲ್ಲವಂತೆ. ರಿಮ್ಮು ಹದಿನೈದು ಇಂಚು. ಅಂಬಾಸಡರ್ ಕಾರಿನದೂ ಹದಿನೈದೇ. ಅದರ ತಳ ಅಗಲ, ಚಪ್ಪಟೆ. ಹಾಕಿದರೆ ಗಾಡಿ ಗಟ್ಟಿಯಾಗಿ ಊರಿಕೊಂಡು ನಿಲ್ಲುತ್ತದೆ ಎಂದು ನನ್ನ ಎಣಿಕೆ.

ಇದರ ಗಡಿಬಿಡಿ ಯಾಕೆಂದರೆ, ಕಳೆದ ತಿಂಗಳು ಮೂಡಲಗಿಯಲ್ಲಿ ನಮ್ಮ ಕಾಕಾನ ಮಗ ತೇಜಸನ ಹೊಸ ಮನೆಯ ವಾಸ್ತುವಿಗೆ ಹೋಗಿದ್ದೆವಲ್ಲ, ನೀನು ಉಂಡ ಕೂಡಲೇ ಹೊರಟುಹೋದೆ. ಆಮೇಲೆ ಒಂದು ಅವಮಾನವಾಯಿತು. ಮಂದಿಯೆಲ್ಲ ಎಲೆ ಅಡಿಕೆ ಹಾಕಿಕೊಳ್ಳುತ್ತ ಗೇಟಿನ ಮುಂದೆ ನಿಂತಿದ್ದಾಗ, ಜಿನ್ನವ್ವ ಹಿಂದೆ ಹತ್ತುವಾಗ, ಗಾಡಿ ಎಡಕ್ಕೆ ಮಲಗಿಬಿಟ್ಟಿತು. ಅವಳೂ ಬಿದ್ದಳು. ಕೈಬಳೆ ಒಡೆದವು, ಮೊಣಕೈ ತರಚಿತು. ಎಲ್ಲರೂ ನಕ್ಕರು. ಅವಳು ಒಂದೇ ಕಡೆಗೆ ಭಾರ ಹಾಕಿದ್ದೇ ಕಾರಣ. ನಾನೂ ಸಿಟ್ಟಿನಲ್ಲಿ, "ಎಷ್ಟ್ ದಪ್ಪ ಆಗೀದಿ ನೋಡ್, ನಿನ್ನ ಭಾರಕ್ಕ ಗಾಡಿ ನಿಂದ್ರವಲ್ದು" ಅಂದೆ. ಮಂದಿ ಮತ್ತಷ್ಟು ನಕ್ಕರು. ಅಂದು ಅವಳು ಬಸ್ಸಿನಲ್ಲಿ ಹುಕ್ಕೇರಿಗೆ ಬಂದಳು. ಆವತ್ತಿನಿಂದ ಗಾಡಿಯ ಮೇಲೆ ಕೂತಿಲ್ಲ.

ಅವಳು ಮತ್ತೆ ಹಿಂದೆ ಕೂರಬೇಕು. ನನಗೆ ಬೇಕಾದದ್ದು ಇಷ್ಟೇ. ಕರೆದರೆ "ಒಂದ್ ಹೊತ್ತಿನ ವ್ರತ ಹಿಡದೀನ್ರಿ, ತಿರುಗಾಡೂದು ಬ್ಯಾಡ" ಎನ್ನುತ್ತಾಳೆ. ಧರ್ಮದ ಕೆಲಸ, ನಾನು ಏನೂ ಅನ್ನುವಂತಿಲ್ಲ.

ಫೋನು ಮಾಡಬೇಡ. ನಮ್ಮ ಬೆಲ್ಲದ ಅಡತಿ ಅಂಗಡಿಯಲ್ಲಿ ಫೋನು ಗಾದಿಯ ಬಾಜೂ ಇರುತ್ತದೆ, ಮುನೀಮ ಸತ್ಯಪ್ಪನಿಗೆ ನನಗಿಂತ ಮೊದಲು ಕೇಳಿಸುತ್ತದೆ. ಬರೆದು ತಿಳಿಸು.

ಗೊಮ್ಮಟೇಶ


ಗೋಕಾಕ
19 ನವೆಂಬರ್ 1997

ಪೂಜ್ಯ ಭಾವನವರಿಗೆ ಭರತೇಶನ ನಮಸ್ಕಾರಗಳು.

ನಗಬೇಡ ಎಂದು ಬರೆದಿದ್ದೀರಿ. ಭಾವ ಮೈದುನರ ನಡುವೆ ಇಂಥ ಕರಾರು ಎಲ್ಲಿ ನಡೆದೀತು? ಹೊಟ್ಟೆ ಹಿಡಿದುಕೊಂಡು ನಕ್ಕೆ. ನಮ್ಮ ಮನೆಯವಳು ದೀಪಾಲಿ ಒಲೆಯ ಮೇಲೆ ಹಾಲಿಟ್ಟು ಹೊರಗೆ ಬಂದಳು, ಹಾಲು ಉಕ್ಕಿಹೋಯಿತು. ಅದರ ಪಾಪ ನಿಮ್ಮದು.

ನನ್ನ ಅಂಗಡಿಗೆ ಬರುವ ಹಳೆಯ ಟೈರು ಕಾರಿನಿಂದ ಇಳಿದು ಕಬ್ಬಿನ ಚಕ್ಕಡಿಗೆ ಹೋಗುತ್ತದೆ. ಚಕ್ಕಡಿಯಲ್ಲೂ ಸವೆದರೆ ಚಪ್ಪಲಿ ಹೊಲಿಯುವವರು ಒಯ್ಯುತ್ತಾರೆ. ಮೋಟಾರ್‌ಸೈಕಲ್ಲಿಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ನಾಳೆ ಸ್ಟೇರಿಂಗು, ನಾಡಿದ್ದು ನಾಲ್ಕು ಬಾಗಿಲು ಕೇಳುತ್ತೀರೋ ಏನೋ ಎಂದು ಅಂಗಡಿಯಲ್ಲಿ ಮಾತಾಯಿತು. ಅಕ್ಕನಿಗೆ ನಮ್ಮ ಹುಡುಗರು ಒಂದು ಹೆಸರನ್ನೂ ಇಟ್ಟುಬಿಟ್ಟಿದ್ದಾರೆ, ರೋಡ್ ರೋಲರ್ ಅಕ್ಕಾ! ಅವಳಿಗೆ ಹೇಳಿ ನಗಿಸಿರಿ. ಹೋಳಿಗೆ ಸ್ವಲ್ಪ ಕಡಿಮೆ ಮಾಡು ಎಂದೂ ಹೇಳಿರಿ. ವ್ರತ ಹಿಡಿದದ್ದು ಒಳ್ಳೆಯದಾಯಿತು, ಪುಣ್ಯಕ್ಕೆ ಪುಣ್ಯ, ಗಾಡಿಗೂ ಆರಾಮು.

ಇನ್ನು ಕೆಲಸದ ಮಾತು. ಮೋಟಾರ್‌ಸೈಕಲ್ಲಿನ ಟೈರು ಅಡ್ಡಕ್ಕೆ ನೋಡಿದರೆ ಗುಂಡಗಿರುತ್ತದೆ. ತಿರುವಿನಲ್ಲಿ ಗಾಡಿ ವಾಲಿದರೂ ಅದು ನೆಲ ಬಿಡುವುದಿಲ್ಲ. ಕಾರಿನದು ಮಣೆಯ ಹಾಗೆ ಚಪ್ಪಟೆ. ವಾಲಿಸಿದರೆ ಅಂಚಿನ ಮೇಲೆ ನಿಲ್ಲುತ್ತದೆ, ತಿರುಗಿ ನೆಟ್ಟಗಾಗಲು ನೋಡುತ್ತದೆ. ನೆಟ್ಟನೆ ರಸ್ತೆಯಲ್ಲಿ ಬೇಕಾದಷ್ಟು ವರ್ಷ ಬರುತ್ತದೆ, ತಿರುವಿನಲ್ಲಿ ಮಾತ್ರ ಹಟ ಮಾಡುತ್ತದೆ. ರಿಮ್ಮಿನ ಅಂಚೂ ಬೇರೆ ಥರ, ಸರಿಯಾಗಿ ಕೂರದಿದ್ದರೆ ಅಪಾಯ. ಆದರೂ ನಿಮಗೆ ಬೇಕೇ ಬೇಕೆಂದರೆ, ಟೈರಿಗೂ ಶಾಫ್ಟಿನ ತೋಳಿಗೂ ನಡುವೆ ಎಷ್ಟು ಸಂದು ಇದೆ ಎಂದು ಅಳೆದು ಬರೆಯಿರಿ.

ಒಂದು ಸಂಗತಿ ನನಗೆ ತಿಳಿಯಲಿಲ್ಲ. ಗಾಡಿ ಓಡುವಾಗ ಜಾರಿತೋ, ನಿಂತಾಗ ಬಿತ್ತೋ? ಓಡುವಾಗ ಜಾರಿದ್ದರೆ ಸವೆದ ಟೈರಿನ ತಪ್ಪು ಎನ್ನೋಣ. ನಿಂತಾಗ ಬಿದ್ದಿದ್ದರೆ ಟೈರಿಗೂ ಅದಕ್ಕೂ ಸಂಬಂಧವಿಲ್ಲ. ನಿಂತ ಗಾಡಿಯನ್ನು ಹಿಡಿಯುವುದು ಸವಾರನ ಕಾಲು.

ನಿಮ್ಮ ಮೈದುನ,
ಭರತೇಶ


ಹುಕ್ಕೇರಿ
5 ಡಿಸೆಂಬರ್ 1997

ಚಿ. ಭರತೇಶನಿಗೆ,

ನಾನು ಕೇಳಿದ್ದು ಟೈರು. ನಾಟಕ ಕೇಳಲಿಲ್ಲ.

ಸಂದು ಒಳ್ಳೆಯದಾಗಿಯೇ ಇದೆ, ಕಿರುಬೆರಳು ತೂರಿಸಿ ತಿರುಗಿಸಬಹುದು. ಮೆಕ್ಯಾನಿಕ್ ಬೀರಸಿದ್ದಪ್ಪನೂ ನೋಡಿ, ಕೂರುತ್ತದೆ ಎಂದಿದ್ದಾನೆ. ನೀನು ಕೇಳಿದ್ದಕ್ಕೆ ಉತ್ತರ: ಗಾಡಿ ಓಡುತ್ತಿತ್ತು. ನಿಧಾನಕ್ಕೆ, ಆದರೆ ಓಡುತ್ತಿತ್ತು. ಇದನ್ನು ಮತ್ತೆ ಕೇಳಬೇಡ.

ನಿನ್ನ ಅಂಗಡಿಯ ಹುಡುಗರು ಇಟ್ಟ ಹೆಸರನ್ನು ಜಿನ್ನವ್ವನಿಗೆ ನಾನು ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಮೂಡಲಗಿಯಿಂದ ಬೆಲ್ಲ ತಂದ ಚಕ್ಕಡಿಯವನು ಅಂಗಳದಲ್ಲಿ ನಿಂತು ಅದನ್ನೇ ಹೇಳಿ ಹಲ್ಲು ಕಿರಿದ. ಅವಳು ಒಳಗೆ ಮೊಸರು ಕಡೆಯುತ್ತಿದ್ದಳು. ಕಡಗೋಲಿನ ಸದ್ದು ನಿಂತದ್ದು ನನಗೆ ಕೇಳಿಸಿತು.

ಗಾಣಗಳು ಸುರುವಾಗಿವೆ, ಅಂಗಡಿಯಲ್ಲಿ ಬೆಲ್ಲದ ಪೆಂಟೆ ಇಡಲು ಜಾಗವಿಲ್ಲ. ಈ ಸಲ ಲಿಲಾವಿನಲ್ಲಿ ರುಚಿ ನೋಡುವ ಕೆಲಸ ಸತ್ಯಪ್ಪನಿಗೆ ಬಿಟ್ಟಿದ್ದೇನೆ. ನನ್ನ ಗಂಟಲು ಸರಿಯಿಲ್ಲ. ರೈತರಿಗೆ ಒಪ್ಪಿಗೆಯಿಲ್ಲ, "ಸಾವಕಾರ್ರು ನಾಲಗಿ ಮ್ಯಾಲ ಇಟ್ಟ ಹೇಳ್ಲಿ, ಅಂದ್ರ ಖರೆ ದರ" ಎಂದು ಹಟ ಹಿಡಿಯುತ್ತಾರೆ. ಏನೋ ನೆವ ಹೇಳಿ ಏಳುತ್ತೇನೆ.

ನಿನ್ನ ಅಕ್ಕನ ವ್ರತ ಬಿಗಿಯಾಗಿ ನಡೆದಿದೆ. ಮಧ್ಯಾಹ್ನ ಒಮ್ಮೆ ಉಣ್ಣುತ್ತಾಳೆ, ಅದೂ ಒಂದೇ ರೊಟ್ಟಿ. ಮುಖ ಸಣ್ಣದಾಗಿದೆ. ಬಸದಿಯಲ್ಲಿ ಎಲ್ಲರೂ ಪುಣ್ಯವಂತೆ ಎನ್ನುತ್ತಾರೆ. ಮೊನ್ನೆ ಇಬ್ಬರೂ ಅಲ್ಲಿಂದ ನಡೆದು ಬಂದು ನಾನು ಹೊಸ್ತಿಲು ದಾಟುವಾಗ ಅವಳು, "ನಿಮ್ಮ ಎಡಗಾಲಿನ ಚಪ್ಪಲಿ ಎಲ್ಲೈತ್ರಿ?" ಎಂದು ಕೇಳಿದಳು. ನೋಡಿದರೆ ಚಪ್ಪಲಿಯೇ ಇರಲಿಲ್ಲ, ದಾರಿಯಲ್ಲೆಲ್ಲೋ ಕಳಚಿತ್ತು. ಮೊದಲಾಗಿದ್ದರೆ ಇದಕ್ಕೆ ಒಂದು ವಾರ ನಗುತ್ತಿದ್ದಳು. ಈ ಸಲ ಸುಮ್ಮನೆ ಒಳಗೆ ಹೋದಳು.

ಟೈರು ಬೇಗ ಕಳಿಸು.

ಗೊಮ್ಮಟೇಶ


ಗೋಕಾಕ
14 ಡಿಸೆಂಬರ್ 1997

ಪೂಜ್ಯ ಭಾವನವರಿಗೆ,

ಮೊದಲ ಪತ್ರದಲ್ಲಿ ಅಕ್ಕ ಹತ್ತುವಾಗ ಬಿತ್ತು ಎಂದಿರಿ. ಈಗ ಓಡುತ್ತಿತ್ತು ಎನ್ನುತ್ತೀರಿ. ಓಡುವ ಗಾಡಿಯನ್ನು ಅಕ್ಕ ಹಾರಿ ಹತ್ತಿದಳೇ? ಇರಲಿ, ಹಿರಿಯರು, ಕೇಳಬೇಡ ಎಂದ ಮೇಲೆ ಕೇಳುವುದಿಲ್ಲ.

ಒಬ್ಬ ಟ್ಯಾಕ್ಸಿಯವನು ಬದಲಾಯಿಸಿ ಬಿಟ್ಟುಹೋದ ಟೈರು ತೆಗೆದಿಟ್ಟಿದ್ದೇನೆ. ಮುಕ್ಕಾಲು ಗೀರು ಉಳಿದಿದೆ, ಬದಿಯಲ್ಲಿ ಸೀಳಿಲ್ಲ, ಒಳಗೆ ಕೈಯಾಡಿಸಿ ನೋಡಿದ್ದೇನೆ. ಹೊಸದನ್ನೇ ಕೊಡಬಹುದಿತ್ತು, ಆದರೆ ಹೊಸದರ ಅಂಚು ಚೂಪಾಗಿರುತ್ತದೆ, ಇದರದ್ದು ಸವೆದು ಸ್ವಲ್ಪ ಉರುಟಾಗಿದೆ. ನಿಮ್ಮ ಕೆಲಸಕ್ಕೆ ಇದೇ ವಾಸಿ. ಹುಕ್ಕೇರಿಗೆ ಹೊರಟ ಲಾರಿಯಲ್ಲಿ ಹಾಕಿದ್ದೇನೆ. ಟೈರಿನ ನಡುವೆ ಕರದಂಟಿನ ಪೊಟ್ಟಣ ಕಟ್ಟಿದ್ದೇನೆ, ಅದು ನಿಮಗೆ. ಅಕ್ಕನಿಗೆ ವ್ರತ ಮುಗಿದ ಮೇಲೆ ಬೇರೆ ಕಳಿಸುತ್ತೇನೆ.

ಕಾರಿಗೆ ತುಂಬುವಷ್ಟು ಗಾಳಿ ತುಂಬಬೇಡಿ. ತಿರುವು ಬಂದಾಗ ಹ್ಯಾಂಡಲ್ಲನ್ನು ಒತ್ತಿ ಹಿಡಿಯಬೇಕು, ಬಿಟ್ಟರೆ ನೆಟ್ಟಗೆ ಹೊಲಕ್ಕೆ ಒಯ್ಯುತ್ತದೆ. ಒಂದು ತಿಂಗಳು ಒಬ್ಬರೇ ಓಡಿಸಿರಿ. ಅಕ್ಕನನ್ನು ಮಾತ್ರ ಆಗಲೇ ಕೂರಿಸಬೇಡಿ.

ಕೌಜಲಗಿಯ ಮದುವೆಯಲ್ಲಿ ಅಕ್ಕ ಸಿಕ್ಕಿದ್ದಳು, ನೀವು ಬಂದಿರಲಿಲ್ಲ. ಸೊರಗಿದ್ದಾಳೆ, ನಿಜ. ಆದರೂ ನಾನು ಮಂದಿಯ ನಡುವೆ "ಬಾ ರೋಡ್ ರೋಲರ್ ಅಕ್ಕಾ" ಎಂದು ಕರೆದಾಗ ಸೆರಗನ್ನು ಮೈತುಂಬ ಹೊದ್ದುಕೊಂಡು ನಕ್ಕಳು. ನಮ್ಮ ಅಕ್ಕ ಯಾವತ್ತೂ ಹೀಗೆಯೇ, ಏನಂದರೂ ಬೇಜಾರಿಲ್ಲ.

ಭರತೇಶ


ಗೋಕಾಕ
30 ಡಿಸೆಂಬರ್ 1997
(ಕಾರ್ಡು)

ಭಾವನವರಿಗೆ. ಟೈರು ಮುಟ್ಟಿಸಿದೆನೆಂದು ಲಾರಿಯವ ಹೇಳಿದ. ನಿಮ್ಮಿಂದ ಸುದ್ದಿಯಿಲ್ಲ. ಹಾಕಿಸಿದಿರೋ, ಇಲ್ಲವೋ? ಸಂಕ್ರಾಂತಿಗೆ ಅಕ್ಕನನ್ನು ಕಳಿಸಿರಿ. ಭರತೇಶ.


ಹುಕ್ಕೇರಿ
9 ಜನವರಿ 1998

ಭರತೇಶ,

ಇದನ್ನು ಒಬ್ಬನೇ ಕೂತು ಓದು. ಅಂಗಡಿಯಲ್ಲಿ ಓದಬೇಡ.

ರವಿವಾರ ಬೀರಸಿದ್ದಪ್ಪ ಟೈರು ಹಾಕಿಕೊಟ್ಟ. ಚೆನ್ನಾಗಿ ಕೂತಿತ್ತು. ಹಿಡಕಲ್ ಡ್ಯಾಮಿನವರೆಗೆ ಒಬ್ಬನೇ ಹೋದೆ. ನೀನು ಹೇಳಿದಂತೆ ತಿರುವಿನಲ್ಲಿ ಹಟ ಮಾಡಿತು, ಒತ್ತಿ ಹಿಡಿದೆ, ಕೇಳಿತು. ನೆಟ್ಟನೆ ರಸ್ತೆಯಲ್ಲಿ ಅಷ್ಟು ಸುಖವಾಗಿ ಅದು ಎಂದೂ ಓಡಿರಲಿಲ್ಲ. ಇನ್ನು ಜಿನ್ನವ್ವ ಕೂತಾಳು ಎಂದು ದಾರಿಯುದ್ದಕ್ಕೂ ಖುಷಿಯಾಗಿದ್ದೆ. ಅವಳು ಕಟ್ಟೆಯ ಮೇಲೆ ಕಡಲೆ ಹಸನು ಮಾಡುತ್ತಿದ್ದಳು. ಅಂಗಳಕ್ಕೆ ಬಂದು ಬ್ರೇಕು ಹಿಡಿದು ಎಡಗಾಲು ಊರಿದೆ. ಗಾಡಿ ಎಡಕ್ಕೆ ಬಿತ್ತು, ನನ್ನ ಮೇಲೆಯೇ ಬಿತ್ತು. ಮೂಡಲಗಿಯಲ್ಲಿ ಬಿದ್ದ ಹಾಗೆಯೇ.

ಮೂಡಲಗಿಯಲ್ಲೂ ಗಾಡಿ ನಿಂತಿತ್ತು, ಭರತೇಶ. ನಾನು ಸುಳ್ಳು ಬರೆದೆ. ಜಿನ್ನವ್ವ ಅಂದು ಸರಿಯಾಗಿಯೇ ಹತ್ತಿದ್ದಳು. ನನ್ನ ಎಡಪಾದಕ್ಕೆ ನೆಲ ತಿಳಿಯುವುದಿಲ್ಲ. ಊರಿದ್ದೇನೆ ಎಂದುಕೊಳ್ಳುತ್ತೇನೆ, ಪಾದ ಮಡಿಚಿಕೊಂಡಿರುತ್ತದೆ. ಚಪ್ಪಲಿ ಬಿದ್ದದ್ದು ತಿಳಿಯದ್ದೂ ಅದಕ್ಕೇ. ನನಗೆ ಸಕ್ಕರೆ ಕಾಯಿಲೆ. ಎರಡು ವರ್ಷದ ಹಿಂದೆಯೇ ಬೆಳಗಾವಿಯ ಡಾಕ್ಟರು ಹೇಳಿದ್ದಾರೆ. ಗುಳಿಗೆ ಅಂಗಡಿಯ ತಿಜೋರಿಯಲ್ಲಿಟ್ಟು ನುಂಗುತ್ತೇನೆ, ನೆನಪಾದ ದಿನ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಬೆಲ್ಲದ ವ್ಯಾಪಾರಿಗೆ ಸಕ್ಕರೆ ಕಾಯಿಲೆ ಎಂದರೆ ಪೇಟೆ ನಗುತ್ತದೆ. ನನ್ನ ನಾಲಗೆಯ ಮೇಲೆ ನಡೆಯುವ ಅಂಗಡಿ ಇದು. ಅಪ್ಪ ಸಾಯುವವರೆಗೆ ಪೆಂಟೆ ಒಡೆದು ಚೂರು ಬಾಯಿಗಿಟ್ಟು ಇದು ಯಾವ ಹೊಲದ ಕಬ್ಬು ಎಂದು ಹೇಳುತ್ತಿದ್ದರು. ಅವರ ಗಾದಿಯ ಮೇಲೆ ಕೂತು ನಾನು ಬೆಲ್ಲ ಒಲ್ಲೆ ಎಂದು ಹೇಗೆ ಹೇಳಲಿ?

ಅದಕ್ಕೇ ಚಪ್ಪಟೆ ಟೈರು ಬೇಡಿದೆ. ಕಾಲು ಹಿಡಿಯದಿದ್ದರೆ ಟೈರು ಹಿಡಿಯಲಿ ಎಂದು. ನಿಂತ ಗಾಡಿಯನ್ನು ಹಿಡಿಯುವುದು ಸವಾರನ ಕಾಲು ಎಂದು ನೀನು ತಮಾಷೆಯ ನಡುವೆ ಬರೆದಾಗ, ಗೋಕಾಕದಲ್ಲಿ ಕೂತವನಿಗೆ ಇದು ಹೇಗೆ ತಿಳಿಯಿತು ಎಂದು ಹೆದರಿದೆ. ಸಿಟ್ಟು ಮಾಡಿದಂತೆ ಬರೆದು ನಿನ್ನ ಬಾಯಿ ಮುಚ್ಚಿಸಿದೆ.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ನಾನು ಬಿದ್ದದ್ದನ್ನು ನೋಡಿ ಜಿನ್ನವ್ವ ಓಡಿ ಬಂದು ಗಾಡಿಯನ್ನು ಎತ್ತಲು ಹಿಡಿದಳು. ಎತ್ತುತ್ತಲೇ ಕಣ್ಣು ಮೇಲೆ ಮಾಡಿ ಬಿದ್ದಳು. ಪಕ್ಕದ ಮನೆಯ ಸಾವಂತ್ರೆವ್ವ ನೀರು ತಂದು ಮುಖಕ್ಕೆ ಚಿಮುಕಿಸಿದಳು. ನಾನು, "ವ್ರತಾ ಭಾಳ ಕಠಿಣ ಹಿಡದಾಳವ್ವಾ" ಅಂದೆ. ಅವಳು ನನ್ನ ಮುಖ ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. "ಯಾವ ವ್ರತಾರಿ ಅಣ್ಣಾರ? ಯಾವ ಮುನಿಗಳ ಮುಂದ ಸಂಕಲ್ಪ ಮಾಡ್ಯಾಳ? ಮೂಡಲಗ್ಯಾಗ ನೀವ್ ಅಂದ ಒಂದ್ ಮಾತಿಗೆ ಕೂಳ ಬಿಟ್ಟಾಳ್ರಿ. ದಿನಾ ಹುರಿ ತಗೊಂಡು ಸೊಂಟಾ ಅಳೀತಾಳ. ಮನ್ಯಾಗ ಇದ್ದವ್ರಿಗೆ ಕಣ್ಣ ಇಲ್ಲೇನ್ರಿ?" ಅಂದಳು.

ಜಿನ್ನವ್ವನಿಗೆ ಎಚ್ಚರ ಬಂತು. ಬಿದ್ದ ಗಾಡಿಯ ಕಡೆಗೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಈಗ ನಾ ಹಿಂದ ಇರ್ಲಿಲ್ಲಲ್ರಿ? ಮತ್ತ ಯಾಕ ಬಿತ್ತು?" ಎಂದು ಕೇಳಿದಳು.

ಆಗ ಹೇಳಬಹುದಿತ್ತು. ಸಾವಂತ್ರೆವ್ವ ಬಿಟ್ಟರೆ ಯಾರೂ ಇರಲಿಲ್ಲ. ನಾನು ಏನಂದೆ ಗೊತ್ತೇ? "ಕಲ್ಲಿನ ಮ್ಯಾಲ ಗಾಲಿ ಹೋತು" ಅಂದೆ. ಅಂಗಳದಲ್ಲಿ ಕಲ್ಲಿಲ್ಲ, ಅವಳೇ ದಿನಾ ಸಾರಿಸುವ ಅಂಗಳ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಮರುದಿನವೂ ಅವಳು ಒಂದೇ ರೊಟ್ಟಿ ಉಂಡಳು. ಅಂದಿನಿಂದ ಬಾಯಿ ತೆರೆಯಲು ನೋಡುತ್ತೇನೆ, ಆಗುತ್ತಿಲ್ಲ. ನೀನು ಅವಳ ತಮ್ಮ. ಒಂದು ಸಲ ಬಂದು, ತಪ್ಪು ನಿನ್ನದಲ್ಲ ಅಕ್ಕಾ, ಭಾವನ ಕಾಲಿನದು ಎಂದು ಹೇಳಿಬಿಡು. ನೀನು ಹೇಳಿದರೆ ಕೇಳುತ್ತಾಳೆ. ಕರದಂಟು ಹಾಗೆಯೇ ಇದೆ, ನಾನು ಮುಟ್ಟುವಂತಿಲ್ಲ, ಅವಳು ಮುಟ್ಟುವುದಿಲ್ಲ.

ಗೊಮ್ಮಟೇಶ


ಗೋಕಾಕ
17 ಜನವರಿ 1998

ಪೂಜ್ಯ ಭಾವನವರಿಗೆ,

ನಿಮ್ಮ ಪತ್ರ ಬಂದು ಐದಾರು ದಿನವಾಯಿತು. ಬರೆಯಲು ಕೂತಾಗಲೆಲ್ಲ ಎದ್ದುಬಿಟ್ಟೆ.

ರೋಡ್ ರೋಲರ್ ಎಂಬ ಹೆಸರು ಅಂಗಡಿಯ ಹುಡುಗರು ಇಟ್ಟದ್ದಲ್ಲ. ನಾನು ಇಟ್ಟದ್ದು. ನಿಮ್ಮ ಮೊದಲ ಪತ್ರ ಬಂದ ದಿನ ಅದನ್ನು ಗಟ್ಟಿಯಾಗಿ ಓದಿ, ಆ ಹೆಸರು ಹೇಳಿ, ಎಲ್ಲರನ್ನೂ ನಗಿಸಿದೆ. ಮೂಡಲಗಿಯ ಚಕ್ಕಡಿಯವರು ಟೈರಿಗೆಂದು ಬಂದು ಕೂತಿದ್ದರು, ಅವರು ಊರಿಗೆ ಒಯ್ದರು. ಕೌಜಲಗಿಯಲ್ಲಿ ಅಕ್ಕ ಸೆರಗು ಹೊದ್ದುಕೊಂಡದ್ದನ್ನು ನಿಮಗೆ ತಮಾಷೆಯಾಗಿ ಬರೆದೆನಲ್ಲ, ಈಗ ಅದು ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಊಟಕ್ಕೆ ಕರೆದಾಗ "ನಂದು ವ್ರತ ಐತಪಾ" ಎಂದು ಹೊರಗೆ ಚಪ್ಪರದ ಕೆಳಗೆ ಒಬ್ಬಳೇ ಕೂತಿದ್ದಳು. ನಾನು ಅವಳ ಮುಂದೆಯೇ ಹೋಳಿಗೆ ಉಂಡು ಬಂದೆ. ಈ ಸಂಕ್ರಾಂತಿಗೆ ತವರಿಗೂ ಬರಲಿಲ್ಲ. ಎಳ್ಳು ಬೆಲ್ಲದ ತಟ್ಟೆಯನ್ನು ದೀಪಾಲಿ ಅವಳಿಗೆಂದು ತೆಗೆದಿಟ್ಟಿದ್ದಳು, ಅದನ್ನು ನೋಡಿ ನನಗೆ ನಾಚಿಕೆಯಾಯಿತು. ಸಣ್ಣವನಿದ್ದಾಗ ನನಗೆ ಉಣ್ಣಿಸಿದ ಕೈ ಅದು, ಭಾವ.

ನೀವು ಹೇಳಿದ ಕೆಲಸ ನನ್ನಿಂದ ಆಗುವುದಿಲ್ಲ. ಕೋಪದಿಂದ ಬರೆಯುತ್ತಿಲ್ಲ. ನಾನು ಬಂದು ಹೇಳಿದರೆ ಅವಳು, ಆಗಲಿ ಬಿಡಪಾ, ಎಂದು ನಮ್ಮಿಬ್ಬರನ್ನೂ ಬಿಟ್ಟುಬಿಡುತ್ತಾಳೆ, ಮತ್ತೆ ಒಂದೇ ರೊಟ್ಟಿ ಉಣ್ಣುತ್ತಾಳೆ. ಮಾತು ಬಿದ್ದದ್ದು ಮೂಡಲಗಿಯಲ್ಲಿ, ಮಂದಿಯ ನಡುವೆ, ನಿಮ್ಮ ಬಾಯಿಂದ. ಅದನ್ನು ಅಲ್ಲಿಯೇ, ಅದೇ ಮಂದಿಯ ನಡುವೆ, ಅದೇ ಬಾಯಿಂದ ತಿರುಗಿ ತೆಗೆದುಕೊಳ್ಳಬೇಕು. ಫೆಬ್ರುವರಿ ಎಂಟಕ್ಕೆ ತೇಜಸನ ಮಗಳ ತೊಟ್ಟಿಲು ಕಾರ್ಯ. ವಾಸ್ತುವಿಗೆ ಬಂದವರೆಲ್ಲ ಬರುತ್ತಾರೆ. ಪೇಟೆಯ ಮಂದಿಯೂ ಇರುತ್ತಾರೆ, ಗೊತ್ತಿದೆ. ನಗುವವರು ನಗಲಿ.

ನಾನು ಬರುವುದಿಲ್ಲ. ಬಂದರೆ ನೀವು ನನ್ನ ಮುಖ ನೋಡುತ್ತೀರಿ, ನಾನು ಏನಾದರೂ ಅನ್ನುತ್ತೇನೆ, ಮಾತು ನಗೆಯಲ್ಲಿ ಹಾರಿಹೋಗುತ್ತದೆ. ನಮ್ಮಿಬ್ಬರ ಚಟ ಅದು. ನನ್ನ ಪಾಲಿನ ತಪ್ಪನ್ನು ನಾನು ಬೇರೆ ಬಂದು ಅಕ್ಕನ ಮುಂದೆ ಹೇಳಿಕೊಳ್ಳುತ್ತೇನೆ.

ಗಾಡಿ ಓಡಿಸಬೇಡಿ. ಮೊದಲು ಕಾಲು ತೋರಿಸಿರಿ. ಗಾಯವಾದರೂ ತಿಳಿಯದ ಕಾಲು ಅದು. ಕೈ ಮುಗಿದು ಕೇಳುತ್ತೇನೆ.

ಭರತೇಶ


ಹುಕ್ಕೇರಿ
9 ಫೆಬ್ರುವರಿ 1998

ಚಿ. ಭರತೇಶನಿಗೆ,

ನಿನ್ನೆ ಮೂಡಲಗಿಗೆ ಹೋಗಿ ಬಂದೆವು. ಬಸ್ಸಿಗೆ ಹೋದೆವು. ಜಿನ್ನವ್ವ ಬರುವುದಿಲ್ಲ ಎಂದಿದ್ದಳು. ಮಗುವಿಗೆ ಅಂಗಿ ಹೊಲಿದಿದ್ದಳು, ಅದನ್ನು ಕೊಡಲಿಕ್ಕಾದರೂ ಬಾ ಎಂದು ಕರೆದುಕೊಂಡು ಹೋದೆ. ಮನೆಯೊಳಗೆ ಕಾಲಿಡುತ್ತಲೇ ಒಂದಿಬ್ಬರು ಹೆಂಗಸರು ಬಾಯಿಗೆ ಸೆರಗು ಹಿಡಿದದ್ದು ಕಂಡಿತು. ಅವಳು ಗೋಡೆಗೆ ಹತ್ತಿ ನಡೆದು ಮೂಲೆಗೆ ಹೋಗಿ ಕೂತಳು.

ತೊಟ್ಟಿಲಲ್ಲಿ ಹಾಕಿ ಹೆಸರಿಟ್ಟರು, ಭಕ್ತಿ ಅಂತ. ಊಟಕ್ಕೆ ಎಲೆ ಹಾಕಿದರು. ಗಂಡಸರ ಸಾಲು ಪಡಸಾಲೆಯಲ್ಲಿ, ಹೆಂಗಸರದು ಹಿಂದೆ ನಡುಮನೆಯಲ್ಲಿ, ನಡುವೆ ಬಾಗಿಲಿಲ್ಲ, ಇಲ್ಲಿಯ ಮಾತು ಅಲ್ಲಿ ಕೇಳುತ್ತದೆ. ನನ್ನ ಎಡಬಲಕ್ಕೆ ಪೇಟೆಯ ಮಂದಿಯೇ ಕೂತಿದ್ದರು. ಹೋಳಿಗೆ ಬಡಿಸುತ್ತ ಬಂದರು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ಬಡಿಸುವವನು, "ಬೆಲ್ಲದ ಸಾವಕಾರ್ರು ಹೋಳಿಗಿ ಒಲ್ಲೆ ಅಂದ್ರ ಹ್ಯಾಂಗ್ರಿ?" ಎಂದು ನಕ್ಕ. ಎಲ್ಲರೂ ನಕ್ಕರು. ಇನ್ನು ಕೂತರೆ ಏಳುವುದಾಗುವುದಿಲ್ಲ ಎನ್ನಿಸಿ ಎದ್ದು ನಿಂತುಬಿಟ್ಟೆ.

ಬಸ್ಸಿನಲ್ಲಿ ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ. "ನನಗ ಸಕ್ಕರಿ ಬ್ಯಾನಿ ಐತ್ರಿ" ಅಂದೆ. "ಎಡಗಾಲಿಗೆ ನೆಲಾ ತಿಳಿಯಂಗಿಲ್ಲ. ಅವತ್ತ ವಾಸ್ತು ದಿನಾ ಗಾಡಿ ಬಿದ್ದದ್ದು ನನ್ನ ಕಾಲಿಂದ. ಜಿನ್ನವ್ವನ ಭಾರಕ್ಕಲ್ಲ. ಆಕಿ ಬರೋಬರಿ ಕುಂತಿದ್ಲು. ನಾಚಿಕಿ ಮುಚ್ಚಾಕ ಆಕಿ ಮ್ಯಾಲ ಹಾಕಿದ್ನಿ. ಕಾರಿಂದು ಟೈರ್ ತರಸೀನಿ, ಅದರಿಂದಾನೂ ಆಗ್ಲಿಲ್ಲ. ಮೈದುನಗಷ್ಟ ಖರೆ ಬರದಿದ್ನಿ. ಇವತ್ತ ನಿಮ್ಮ ಮುಂದ ಹೇಳಾಕತ್ತೇನಿ. ಆ ಹೆಸರ ಹಿಡದ ಇನ್ನ ಯಾರೂ ಕರೀಬ್ಯಾಡ್ರಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತೇನೋ. ಪಕ್ಕದಲ್ಲಿ ಕೂತಿದ್ದ ಮುದುಕ ವ್ಯಾಪಾರಿಯೊಬ್ಬರು, "ಅಂದ್ರ ಈ ಸುಗ್ಗ್ಯಾಗ ರುಚಿ ಯಾರ ನೋಡ್ಯಾರ ಗೊಮ್ಮಟೇಶಾ?" ಎಂದು ಮೆಲ್ಲಗೆ ಕೇಳಿದರು. ಸತ್ಯಪ್ಪ ಅಂದೆ. ಅವರು ತಲೆ ತಗ್ಗಿಸಿ ಅನ್ನ ಕಲಸತೊಡಗಿದರು. ಇಂದು ಬೆಳಗ್ಗೆ ಅಂಗಡಿಗೆ ಎಷ್ಟು ಚಕ್ಕಡಿ ಬರುತ್ತವೋ ನೋಡಬೇಕು. ಬಾರದಿದ್ದರೆ ಯಾರನ್ನೂ ಬೈಯುವಂತಿಲ್ಲ. ತೇಜಸ ಬಂದು ನನ್ನ ಭುಜ ಹಿಡಿದು ಕೂರಿಸಿದ. ಕೂತ ಮೇಲೆ ಕಾಲು ನಡುಗುತ್ತಿದ್ದದ್ದು ತಿಳಿಯಿತು, ಬಲಗಾಲು ಮಾತ್ರ.

ನಾನು ಮಾತಾಡುವಾಗ ಬೆನ್ನು ಹೆಂಗಸರ ಕಡೆಗಿತ್ತು. ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆಮೇಲೆ ಜಿನ್ನವ್ವನ ದನಿ ಕೇಳಿತು. "ನನಗ ಹೋಳಿಗಿ ಹಾಕ್ರಿ. ಎರಡ್ ಹಾಕ್ರಿ, ಮ್ಯಾಲ ತುಪ್ಪಾ ಹಾಕ್ರಿ." ಬಾಯಿಗೆ ಸೆರಗು ಹಿಡಿದಿದ್ದ ಹೆಂಗಸರೇ ಎದ್ದು ಬಡಿಸಿದರಂತೆ, ತೇಜಸನ ಹೆಂಡತಿ ಆಮೇಲೆ ಹೇಳಿದಳು. ಜಿನ್ನವ್ವ ಅವಸರ ಮಾಡದೆ ಪೂರ್ತಿ ಉಂಡಳಂತೆ. ನಾನು ಗೋಡೆ ನೋಡುತ್ತ ಕೂತಿದ್ದೆ, ಕಣ್ಣಲ್ಲಿ ನೀರು ಬಂತು. ಎಲ್ಲ ಸರಿಹೋಯಿತು ಎಂದೇ ತಿಳಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಬಾಜೂ ಕೂತಳು. ಗೋಕಾಕ ದಾಟುವಾಗ ನಿಮ್ಮ ಮನೆಯ ಕಡೆಗೂ ನೋಡಲಿಲ್ಲ. ಘಟಪ್ರಭಾ ದಾಟಿದ ಮೇಲೆ ನಾನೇ, "ಈಗರ ಸಮಾಧಾನ ಆತಿಲ್ಲೋ?" ಎಂದು ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಅಂದಳು:

"ನನ್ನ ತಮ್ಮಗ ಬರದ್ರಿ. ಇವತ್ತ ಇಡೀ ಮಂದಿ ಮುಂದ ಹೇಳಿದ್ರಿ. ನನಗ ಯಾವಾಗ ಹೇಳವ್ರು?"

ಹುಕ್ಕೇರಿ ಬಂತು. ಅವಳು ಮೊದಲು ಇಳಿದು, ನನ್ನ ಎಡಗಾಲು ಮೆಟ್ಟಿಲ ಮೇಲೆ ಸರಿಯಾಗಿ ಬಿತ್ತೋ ಇಲ್ಲವೋ ನೋಡುತ್ತ ನಿಂತಳು. ಕೈ ಮಾತ್ರ ಕೊಡಲಿಲ್ಲ.

ಬೆಳಗಾಗಿದೆ. ಅವಳು ಅಡುಗೆಮನೆಯಲ್ಲಿದ್ದಾಳೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತಿದೆ. ನಡುವೆ ಒಂದು ಗೋಡೆ, ಅಷ್ಟೇ. ನೋಡು ಭರತೇಶ, ಇಲ್ಲಿ ಕೂತು ನಾನು ಮತ್ತೆ ನಿನಗೇ ಬರೆಯುತ್ತಿದ್ದೇನೆ. ಇಲ್ಲಿಗೆ ನಿಲ್ಲಿಸುತ್ತೇನೆ, ಒಳಗೆ ಹೋಗಬೇಕು.

ಗೊಮ್ಮಟೇಶ